ಕಡಲು ತಳ್ಳಿ ಕಟ್ಟಿದ ಊರು

ಫಂಡಿ ಕೊಲ್ಲಿಯ ನೀರಿಗೆ ಕೆಮ್ಮಣ್ಣಿನ ಬಣ್ಣ. ಕೆನಡಾದ ನೋವಾಸ್ಕೋಷಿಯಾದಲ್ಲಿ ಈ ಕೊಲ್ಲಿ ನೆಲದೊಳಕ್ಕೆ ನುಗ್ಗಿ ಮೈನಸ್ ಎಂಬ ಒಳಕೊಲ್ಲಿಯಾಗುತ್ತದೆ. ಅಲ್ಲಿ ಉಬ್ಬರದ ನೀರು 16 ಮೀಟರ್‌ವರೆಗೂ ಏರುವುದುಂಟು. ಇಳಿತದ ಹೊತ್ತಿಗೆ ಕಣ್ಣು ಹಾಯುವಷ್ಟು ದೂರ ಹಸಿ ಕೆಸರು ಬಿಸಿಲಿಗೆ ಮಿರಮಿರ ಹೊಳೆಯುತ್ತದೆ. ಕೆಲವೇ ಗಂಟೆಯಲ್ಲಿ ಅದೆಲ್ಲ ಮತ್ತೆ ಕಡಲು.

1680ರ ದಶಕದಲ್ಲಿ ಕೆಲವು ಫ್ರೆಂಚ್ ರೈತ ಕುಟುಂಬಗಳು ಈ ಉಪ್ಪುಜೌಗಿಗೆ ಬಂದು ಗ್ರಾನ್‌-ಪ್ರೇ ಎಂಬ ಊರು ಹೂಡಿದವು. ನಾಡಿನ ಹೆಸರು ಅಕೇಡಿಯಾ, ಜನ ಅಕೇಡಿಯನ್ನರು. ಕಾಡು ಕಡಿದು ಹೊಲ ಮಾಡುವ ಬದಲು ಅವರು ಕಡಲನ್ನೇ ಹಿಂದಕ್ಕೆ ತಳ್ಳಿದರು. ಕಾಡಿನ ಒಡೆಯರಾದ ಮಿಕ್ಮಾಕ್ ಜನರೊಂದಿಗೆ ಅವರು ಬಹುಮಟ್ಟಿಗೆ ಹೊಂದಿಕೊಂಡು ಬಾಳಿದ್ದಕ್ಕೆ ಇದೂ ಒಂದು ಕಾರಣ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಉಪ್ಪುಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನು ಕಿರಿದಾದ ಸಲಿಕೆಯಿಂದ ಹೆಂಟೆ ಹೆಂಟೆಯಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ ಒಡ್ಡು ಎಬ್ಬಿಸುತ್ತಿದ್ದರು. ಹಳ್ಳ ಹರಿಯುವ ಕಡೆ ಒಡ್ಡಿನ ಬುಡದಲ್ಲಿ ಮರದ ತೂಬು. ದಪ್ಪ ದಿಮ್ಮಿಯೊಂದರ ಒಡಲು ತೋಡಿ, ಒಳಗೆ ಕಡಲಿನ ಕಡೆಗಷ್ಟೇ ತೆರೆಯುವ ಹಲಗೆಯೊಂದನ್ನು ತೂಗುಬಿಡುತ್ತಿದ್ದರು. ಇಳಿತದಲ್ಲಿ ಹೊಲದ ಮಳೆನೀರು ಹಲಗೆಯನ್ನು ನೂಕಿಕೊಂಡು ಹೊರಟುಹೋಗುತ್ತದೆ. ಉಬ್ಬರ ಏರಿದಾಗ ಕಡಲಿನ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಕಾವಲಿಗೆ ಆಳು ಬೇಕಿಲ್ಲ. ಎರಡು ಮೂರು ವರ್ಷದ ಮಳೆ ಮತ್ತು ಹಿಮ ಉಪ್ಪನ್ನೆಲ್ಲ ತೊಳೆದ ಮೇಲೆ ಆ ಕೆಂಪು ನೆಲದಲ್ಲಿ ಗೋಧಿ, ಬಟಾಣಿ, ಅಗಸೆ. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಇದು. ಒಡ್ಡು ಒಂದು ಕಡೆ ಬಾಯಿಬಿಟ್ಟರೆ ಊರಿನ ಹೊಲಕ್ಕೆಲ್ಲ ಉಪ್ಪು. ಹಾಗಾಗಿ ಊರಿಗೆ ಊರೇ ಕೆಸರಿಗಿಳಿಯುತ್ತಿತ್ತು.

ಇಂಥ ನೆಲದ ಮೇಲೆ ಇಬ್ಬರು ರಾಜರ ಕಣ್ಣು. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಫ್ರಾನ್ಸ್ ಅಕೇಡಿಯಾವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ರೈತರು ಹೊಸ ರಾಜನಿಗೆ ವಿಧೇಯರಾಗಿರಲು ಒಪ್ಪಿದರು, ಆದರೆ ಆಯುಧ ಹಿಡಿಯುವುದಿಲ್ಲ ಎಂದರು. 1730ರಲ್ಲಿ ಅವರು ಪ್ರಮಾಣ ಮಾಡಿದಾಗ ಆ ಷರತ್ತಿಗೆ ಬಾಯಿಮಾತಿನ ಒಪ್ಪಿಗೆಯೂ ಸಿಕ್ಕಿತ್ತು. ತಟಸ್ಥ ಫ್ರೆಂಚರು ಎಂದೇ ಅವರನ್ನು ಕರೆಯುತ್ತಿದ್ದರು. ಮುಂದೆ ನಡೆದ ಇಡೀ ಯುದ್ಧದಲ್ಲಿ ನನಗೆ ಅತ್ಯಂತ ಮಾನವಂತ ನಿಲುವಾಗಿ ಕಾಣುವುದು ಇದೇ.

1754ರಲ್ಲಿ ದೂರದ ಒಹಾಯೊ ಕಣಿವೆಯಲ್ಲಿ ಬ್ರಿಟಿಷರ ಕಡೆಯಲ್ಲಿದ್ದ 22 ವರ್ಷದ ಜಾರ್ಜ್ ವಾಷಿಂಗ್ಟನ್ನನ ತುಕಡಿ ಫ್ರೆಂಚರ ಮೇಲೆ ಗುಂಡು ಹಾರಿಸಿತು, ಎರಡು ರಾಜ್ಯಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಮರುವರ್ಷ ಜೂನ್‌ನಲ್ಲಿ ಬ್ರಿಟಿಷರು ಫ್ರೆಂಚರ ಬೋಸೆಜೂರ್ ಕೋಟೆ ಹಿಡಿದಾಗ ಒಳಗೆ ಕೆಲವು ನೂರು ಅಕೇಡಿಯನ್ನರು ಸಿಕ್ಕಿದರು. ಜುಲೈನಲ್ಲಿ ಒಹಾಯೊ ಕಡೆ ಬ್ರಿಟಿಷ್ ಜನರಲ್ ಬ್ರಾಡಕ್‌ನ ಸೇನೆ ನುಚ್ಚುನೂರಾಯಿತು. ನೋವಾಸ್ಕೋಷಿಯಾದ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾರೆನ್ಸ್‌ಗೆ ಇನ್ನು ಷರತ್ತಿನ ಪ್ರಮಾಣ ಸಾಲದಾಯಿತು. ಷರತ್ತಿಲ್ಲದೆ ಪ್ರಮಾಣ ಮಾಡಲು ರೈತರ ಪ್ರತಿನಿಧಿಗಳು ಒಪ್ಪಲಿಲ್ಲ. ಜುಲೈ 28ರಂದು ಹ್ಯಾಲಿಫ್ಯಾಕ್ಸ್‌ನ ಆಡಳಿತ ಮಂಡಳಿ ಇಡೀ ಜನವನ್ನೇ ಹೊರಹಾಕಲು ತೀರ್ಮಾನಿಸಿತು.

ಗ್ರಾನ್‌-ಪ್ರೇಗೆ ಬಂದವನು ಮ್ಯಾಸಚೂಸೆಟ್ಸ್‌ನ ಕರ್ನಲ್ ಜಾನ್ ವಿನ್ಸ್ಲೋ. ಊರ ಚರ್ಚಿನ ಆವರಣದಲ್ಲೇ ಬಿಡಾರ ಹೂಡಿದ. ಪೂಜೆಯ ಪರಿಕರಗಳನ್ನು ಮೊದಲೇ ತೆಗೆದಿಡಿ ಎಂದು ಹಿರಿಯರಿಗೆ ಹೇಳಿದ್ದ. ಸುಗ್ಗಿ ಮುಗಿದು ಬೆಳೆ ಮನೆ ಸೇರುವವರೆಗೂ ಗುಟ್ಟು ಕಾದ. ಸೆಪ್ಟೆಂಬರ್ 5ರ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಹತ್ತು ವರ್ಷ ಮೇಲ್ಪಟ್ಟ ಗಂಡಸರೆಲ್ಲ ಚರ್ಚಿಗೆ ಬರಬೇಕೆಂದು ಕರೆ ಹೋಯಿತು. 418 ಮಂದಿ ಬಂದರು. ಚರ್ಚಿನ ನಡುವೆ ಒಂದು ಮೇಜು. ಅಲ್ಲಿಂದ ಅವನು ಇಂಗ್ಲಿಷಿನಲ್ಲಿ ಓದಿದ ಆಜ್ಞೆಯನ್ನು ದುಭಾಷಿಗಳು ಫ್ರೆಂಚಿನಲ್ಲಿ ತಿಳಿಸಿದರು: ನಿಮ್ಮ ಹೊಲ, ಮನೆ, ದನಕರು ಇನ್ನು ರಾಜನ ಸ್ವತ್ತು. ಕೈಯಲ್ಲಿರುವ ಹಣ, ಒಯ್ಯಲಾಗುವಷ್ಟು ಮನೆಸಾಮಾನು ನಿಮ್ಮದು. ನೀವು ಈ ನಾಡು ಬಿಡಬೇಕು. ಆಮೇಲೆ ಅವರನ್ನು ಅಲ್ಲೇ ಸೆರೆಯಿಟ್ಟರು.

ಸೈನಿಕರು ಸುಮಾರು 300, ಬಂದಿಗಳು ಅದಕ್ಕಿಂತ ಹೆಚ್ಚು. ಅಳುಕಿದ ವಿನ್ಸ್ಲೋ ಸೆಪ್ಟೆಂಬರ್ 10ರಂದು ಹರೆಯದವರನ್ನು ಮೊದಲು ಹಡಗಿಗೆ ಅಟ್ಟಿದ. ಅಪ್ಪಂದಿರನ್ನು ಬಿಟ್ಟು ಬರುವುದಿಲ್ಲ ಎಂದು ಅವರು ನಿಂತುಬಿಟ್ಟರು. ಬಯೊನೆಟ್ ತೋರಿಸಿ ನಡೆಸಬೇಕಾಯಿತು. ಚರ್ಚಿನಿಂದ ದಡಕ್ಕೆ ಎರಡು ಕಿಲೋಮೀಟರಿಗೂ ಹೆಚ್ಚು ದಾರಿ. ಇಕ್ಕೆಲದಲ್ಲಿ ಹೆಂಗಸರು, ಮಕ್ಕಳು. ಹುಡುಗರು ಪ್ರಾರ್ಥಿಸುತ್ತ, ಹಾಡುತ್ತ, ಅಳುತ್ತ ಹೋದರೆಂದು ವಿನ್ಸ್ಲೋ ತನ್ನ ದಿನಚರಿಯಲ್ಲೇ ಬರೆದಿಟ್ಟಿದ್ದಾನೆ. ಈ ಕೆಲಸ ತನಗೆ ಹಿಡಿಸದು ಎಂದೂ ಬರೆದಿದ್ದಾನೆ. ಹಿಡಿಸದೆಯೂ ಮಾಡಿ ಮುಗಿಸಿದ.

ಅಕ್ಟೋಬರ್ 8ರಿಂದ ಸಂಸಾರಗಳನ್ನು ಹತ್ತಿಸಲು ಶುರುಮಾಡಿದರು. ಹಡಗಿನ ಒಂದು ಟನ್‌ಗೆ ಇಬ್ಬರೆಂದು ಲೆಕ್ಕ, ತುಂಬಿದ್ದು ಅದಕ್ಕೂ ಹೆಚ್ಚು. ಗಂಡ, ಹೆಂಡತಿ, ಮಕ್ಕಳನ್ನು ಒಟ್ಟಿಗೆ ಇಡಲು ವಿನ್ಸ್ಲೋ ನೋಡಿದ. ಆದರೆ ಅಕೇಡಿಯನ್ನರ ಸಂಸಾರವೆಂದರೆ ಅಜ್ಜ ಅಜ್ಜಿ, ಅಣ್ಣತಮ್ಮಂದಿರು, ಮಗ್ಗುಲ ಊರಿಗೆ ಕೊಟ್ಟ ಮಗಳು ಎಲ್ಲರೂ ಸೇರಿ. ಅದು ಯಾವ ಹಡಗಿಗೂ ಹಿಡಿಸುವಂಥದ್ದಲ್ಲ. ಆ ಸುತ್ತಿನ ಹಳ್ಳಿಗಳಲ್ಲಿ ಮನೆ, ಕೊಟ್ಟಿಗೆ, ಕಣಜ ಸೇರಿ ಸುಮಾರು 700 ಕಟ್ಟಡಗಳನ್ನು ಸುಟ್ಟರು.

ಬೋಸ್ಟನ್, ಫಿಲಡೆಲ್ಫಿಯಾ, ಮೇರಿಲ್ಯಾಂಡ್, ಕೆರೊಲಿನಾ ಎಂದು ಜನ ಚದುರಿಹೋದರು. ವರ್ಜೀನಿಯಾ ತನ್ನ ಪಾಲಿಗೆ ಬಂದವರನ್ನು ಇಂಗ್ಲೆಂಡಿಗೆ ಸಾಗಹಾಕಿತು. ಅಲ್ಲಿನ ಬಂದರುಗಳಲ್ಲಿ ಸೆರೆಯಾದವರನ್ನು ಸಿಡುಬು ಮುಕ್ಕಿತು. 1758ರ ಡಿಸೆಂಬರಿನಲ್ಲಿ ಅಕೇಡಿಯನ್ನರನ್ನು ಹೊತ್ತ ಡ್ಯೂಕ್ ವಿಲಿಯಂ ಎಂಬ ಹಡಗು ಅಟ್ಲಾಂಟಿಕ್‌ನಲ್ಲಿ ಮುಳುಗಿ 300ಕ್ಕೂ ಹೆಚ್ಚು ಮಂದಿ ಸತ್ತರು. 1759ರ ಕ್ವಿಬೆಕ್ ಕದನ, ಅಲ್ಲಿ ಮಡಿದ ಎರಡೂ ಕಡೆಯ ಸೇನಾಪತಿಗಳಾದ ವುಲ್ಫ್ ಮತ್ತು ಮೊಂಕಾಮ್ ಇತಿಹಾಸದ ಪುಟಗಳನ್ನೆಲ್ಲ ತುಂಬಿಕೊಂಡಿದ್ದಾರೆ. 1763ರ ಪ್ಯಾರಿಸ್ ಒಪ್ಪಂದದಲ್ಲಿ ಕೆನಡಾ ಬ್ರಿಟನ್ನಿನ ಪಾಲಾಯಿತು. ಅಷ್ಟರಲ್ಲಿ ಸುಮಾರು 14,000 ಅಕೇಡಿಯನ್ನರಲ್ಲಿ 10,000ಕ್ಕೂ ಹೆಚ್ಚು ಮಂದಿ ನೆಲೆ ಕಳೆದುಕೊಂಡಿದ್ದರು.

ಕಾಯುವ ಕೈಗಳಿಲ್ಲದ ಒಡ್ಡುಗಳನ್ನು 1759ರ ನವೆಂಬರಿನ ಬಿರುಗಾಳಿ ಒಡೆದುಹಾಕಿತು. ಮರುವರ್ಷದಿಂದ ನ್ಯೂ ಇಂಗ್ಲೆಂಡಿನ ರೈತರನ್ನು ಕರೆತಂದು ಈ ಹೊಲಗಳನ್ನು ಹಂಚಿದರು. ಅವರಿಗೆ ಉಬ್ಬರದ ನೆಲ ಹೊಸದು, ತೂಬಿನ ಮರ್ಮ ತಿಳಿಯದು. ಕೊನೆಗೆ ಸರ್ಕಾರ ಸೆರೆಯಲ್ಲಿದ್ದ ಅಕೇಡಿಯನ್ನರನ್ನೇ ಕರೆಸಿ, ಅವರದೇ ಆಗಿದ್ದ ಹೊಲದ ಒಡ್ಡನ್ನು ಇನ್ನೊಬ್ಬರಿಗಾಗಿ ರಿಪೇರಿ ಮಾಡಿಸಿತು. ಯುದ್ಧದ ಕ್ರೌರ್ಯ ಎಂದಾಗ ನನ್ನ ಕಣ್ಣಿಗೆ ಮೊದಲು ಬರುವುದು ಈ ಕೂಲಿ.

1764ರಲ್ಲಿ ಮರಳಲು ಅನುಮತಿ ಸಿಕ್ಕಿತು, ಹಳೆಯ ಹೊಲ ಸಿಗಲಿಲ್ಲ. ಬಂದವರಲ್ಲಿ ಹಲವರು ಸೇಂಟ್ ಮೇರಿ ಕೊಲ್ಲಿಯ ಕಲ್ಲುದಡದಲ್ಲಿ ನೆಲೆಸಿ ಮೀನುಗಾರಿಕೆಗೆ ಇಳಿದರು. ಇನ್ನು ಕೆಲವರು ಲೂಸಿಯಾನದ ಜೌಗು ಸೇರಿ ಕೇಜನ್ನರಾದರು. 2003ರಲ್ಲಿ ಕೆನಡಾದಲ್ಲಿ ರಾಣಿಯ ಹೆಸರಿನಲ್ಲಿ ಹೊರಟ ಘೋಷಣೆ ನಡೆದದ್ದನ್ನು ಒಪ್ಪಿಕೊಂಡು, ಜುಲೈ 28ನ್ನು ಸ್ಮರಣೆಯ ದಿನವೆಂದು ಸಾರಿತು. ಇದರಿಂದ ಕಾನೂನಿನ ಹೊಣೆಯಾಗಲಿ ಹಣದ ಹೊಣೆಯಾಗಲಿ ಬರುವುದಿಲ್ಲ ಎಂದೂ ಅದೇ ಕಾಗದದಲ್ಲಿದೆ. ಕ್ಷಮೆ ಕೇಳಿಲ್ಲ.