ಸುಗ್ಗಿಗೆ ಹೋದವರ ಲೆಕ್ಕ ಎಲ್ಲಿದೆ?

ಸುಗ್ಗಿ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ತುಂಬಿದ ಕಣ, ತೆನೆಯ ರಾಶಿ, ಮನೆಮಂದಿಯ ಸಂತಸ. ಆದರೆ ಆಂಧ್ರದ ಆದೋನಿ, ದೇವನಕೊಂಡ ಕಡೆಯ ಹಳ್ಳಿಗಳಲ್ಲಿ ಈ ಮಾತಿಗೆ ಬೇರೆಯೇ ಅರ್ಥವಿದೆ. ಅಲ್ಲಿ 'ಸುಗ್ಗಿಗೆ ಹೋದರು' ಎಂದರೆ, ಮನೆಗೆ ಬೀಗ ಹಾಕಿ ಗುಂಟೂರು ಸೀಮೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋದರು ಎಂದರ್ಥ. ಸುಗ್ಗಿ ಇನ್ನೊಬ್ಬರ ಹೊಲದ್ದು, ಇವರದು ಕೂಲಿ ಮಾತ್ರ. ನಮ್ಮ ರಾಯಚೂರು, ಯಾದಗಿರಿ ಕಡೆಯವರು ಇದನ್ನೇ 'ಗುಳೆ' ಎನ್ನುತ್ತಾರೆ.

ಭೂಗೋಳದ ಪಠ್ಯಪುಸ್ತಕದಲ್ಲಿ ಇದರ ಹೆಸರು 'ಋತುಮಾನದ ವಲಸೆ'. ಜನರನ್ನು ಊರಿನಿಂದ ಹೊರಗೆ ನೂಕುವ ಕಾರಣಗಳು 'ತಳ್ಳುವ ಅಂಶಗಳು', ಬೇರೆಡೆಗೆ ಕರೆಯುವ ಕಾರಣಗಳು 'ಸೆಳೆಯುವ ಅಂಶಗಳು'. ದೇವನಕೊಂಡದ ಸುತ್ತಮುತ್ತ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದೆ. ಶೇಂಗಾ, ಹತ್ತಿಯ ಕೆಲಸ ಮುಗಿದರೆ ಮುಂದಿನ ಮಳೆಯವರೆಗೆ ಕೈಗೆ ಕೆಲಸವಿಲ್ಲ, ಸಾಲ ಮಾತ್ರ ಬೆಳೆಯುತ್ತದೆ. ಇದು ತಳ್ಳುವ ಅಂಶ. ಅತ್ತ ಗುಂಟೂರು ಸೀಮೆಗೆ ಕೃಷ್ಣಾ ಕಾಲುವೆಗಳ ನೀರಿದೆ. ಮೆಣಸಿನಕಾಯಿ ಒಮ್ಮೆಲೇ ಹಣ್ಣಾಗುವುದಿಲ್ಲ, ಹಲವು ಸಲ ಕೈಯಿಂದಲೇ ಬಿಡಿಸಬೇಕು. ಅದಕ್ಕೆ ನೂರಾರು ಕೈಗಳು ಬೇಕು. ಇದು ಸೆಳೆಯುವ ಅಂಶ.

ದುಡಿಯಲಾರದ ಮಕ್ಕಳನ್ನೂ ವೃದ್ಧರನ್ನೂ ಪುಸ್ತಕ 'ಅವಲಂಬಿತರು' ಎನ್ನುತ್ತದೆ. ದುಡಿಯುವವರು ಹೊರಟ ಮೇಲೆ ಊರಲ್ಲಿ ಉಳಿಯುವವರು ಹೆಚ್ಚಾಗಿ ಅವರೇ. ಎಷ್ಟೋ ಮಕ್ಕಳು ಶಾಲೆ ಬಿಟ್ಟು ತಂದೆತಾಯಿಯ ಜೊತೆಗೇ ಹೋಗುತ್ತಾರೆ. 2011ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಸಾಕ್ಷರತೆ ಶೇಕಡಾ 67ರಷ್ಟಿದ್ದರೆ, ಅಂದಿನ ಕರ್ನೂಲು ಜಿಲ್ಲೆಯಲ್ಲಿ ಅದು 60ರ ಆಸುಪಾಸಿನಲ್ಲಿತ್ತು.

ಇಲ್ಲಿ ನಾವು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. 2011ರ ಜನಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಮೆಣಸಿನಕಾಯಿ ಬಿಡಿಸುವ ಕೆಲಸ ಜೋರಾಗಿರುವುದೂ ಆ ದಿನಗಳಲ್ಲೇ! ಆ ಅವಧಿಯುದ್ದಕ್ಕೂ ಊರಲ್ಲಿ ಇಲ್ಲದವರನ್ನು ಅವರು ಇರುವಲ್ಲೇ ಎಣಿಸಬೇಕೆಂಬುದು ನಿಯಮ. ಆದರೆ ಹೊಲದಂಚಿನ ಗುಡಿಸಲಿಗೆ ಗಣತಿದಾರರು ಬಾರದೇ ಹೋದರೆ? ಆ ಕುಟುಂಬ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಶಾಲೆ, ಪಡಿತರ, ಆಸ್ಪತ್ರೆ ಇವೆಲ್ಲವನ್ನೂ ಯೋಜಿಸುವುದು ಜನರ ಎಣಿಕೆಯಿಂದಲೇ ಅಲ್ಲವೇ? 2025ರ ಜೂನ್‌ನಲ್ಲಿ ಸರ್ಕಾರ ಹೊರಡಿಸಿದ ಪ್ರಕಟಣೆಯಂತೆ ಮುಂದಿನ ಗಣತಿಯ ದಿನಾಂಕ 2027ರ ಮಾರ್ಚ್ 1. ಅದೂ ಸುಗ್ಗಿಯ ಕಾಲವೇ.

ಹಾಗಾದರೆ ನಾವೇನು ಮಾಡಬಹುದು? ವಲಸೆ ಹೋಗುವವರ ಮಕ್ಕಳಿಗಾಗಿಯೇ ಸರ್ಕಾರ ಋತುಮಾನದ ವಸತಿ ನಿಲಯಗಳನ್ನು ನಡೆಸಿದ್ದುಂಟು. ಇಂಥ ಸೌಲಭ್ಯ ಎಲ್ಲಿದೆಯೆಂದು ವಿಚಾರಿಸಿ ತಂದೆತಾಯಿಗೆ ತಿಳಿಸಿದರೆ ಒಂದು ಮಗುವಾದರೂ ಶಾಲೆಯಲ್ಲಿ ಉಳಿದೀತು. ಕರ್ನೂಲಿನಿಂದಲೂ ರಾಯಚೂರಿನಿಂದಲೂ ಬಂದವರು ನಮ್ಮ ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ. ನಮ್ಮ ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ? ಗಣತಿದಾರರು ನಮ್ಮ ಮನೆಗೆ ಬಂದಾಗ ಆ ಶೆಡ್ಡನ್ನೂ ತೋರಿಸಿ ಕಳುಹಿಸೋಣ. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ನಮ್ಮಿಂದಲೇ ಆರಂಭವಾಗಲಿ.