ಚುಕ್ಕೆಯ ಆಚೆಗಿನ ಮೂರಕ್ಷರ

ಊರಿನಿಂದ ಮದುವೆಯ ಕರೆಯೋಲೆ ಬಂತೆಂದರೆ, ಲಕೋಟೆ ಒಡೆಯುವ ಮುನ್ನವೇ ಅದರ ಮೂಲೆಯ ಅರಿಸಿನ ನೋಡಿ ಶುಭ ಸಮಾಚಾರವೆಂದು ತಿಳಿಯುವುದು ನಮ್ಮವರ ರೂಢಿ. ಗಣಕಯಂತ್ರಕ್ಕೂ ಅಂಥದೇ ಒಂದು ಗುರುತುಂಟು. ಕಡತದ ಹೆಸರಾದ ಮೇಲೆ ಒಂದು ಚುಕ್ಕೆ, ಚುಕ್ಕೆಯ ಆಚೆ ಮೂರೋ ನಾಲ್ಕೋ ಅಕ್ಷರ: ಪಿಡಿಎಫ್, ಜೆಪಿಜಿ, ಡಾಕ್ಸ್. ಇದನ್ನು ಹೆಸರಿನ ಬಾಲವೆಂದು ಕರೆಯೋಣ. ಚಿತ್ರವನ್ನು ಚಿತ್ರ ತೋರಿಸುವ ಪ್ರೋಗ್ರಾಮಿಗೂ ಪತ್ರವನ್ನು ಪತ್ರ ಬರೆಯುವ ಪ್ರೋಗ್ರಾಮಿಗೂ ಯಂತ್ರ ಒಪ್ಪಿಸುವುದು ಬಹುಮಟ್ಟಿಗೆ ಈ ಬಾಲವನ್ನು ನೋಡಿಯೇ.

ಬಾಲ ಮೂರಕ್ಷರದ್ದೇ ಏಕೆ? 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕದ ತಜ್ಞರು ರಚಿಸಿದ ಸಿಪಿಎಂ ವ್ಯವಸ್ಥೆಯಲ್ಲಿ ಹೆಸರಿಗೆ ಎಂಟಕ್ಷರ, ಬಾಲಕ್ಕೆ ಮೂರಕ್ಷರ ಎಂಬ ಕಟ್ಟಳೆಯಿತ್ತು. 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್ ಅದನ್ನೇ ಅನುಸರಿಸಿತು. 1995ರ ವಿಂಡೋಸ್ ಉದ್ದ ಹೆಸರುಗಳಿಗೆ ಎಡೆಗೊಟ್ಟಿತಾದರೂ ಮೂರಕ್ಷರದ ಚಾಳಿ ಪೂರ್ತಿ ಹೋಗಲಿಲ್ಲ.

ವಿಂಡೋಸಿನೊಳಗೆ ರಿಜಿಸ್ಟ್ರಿ ಎಂಬ ದೊಡ್ಡದೊಂದು ಖಾತೆಪುಸ್ತಕವಿದೆ. ಯಾವ ಬಾಲ ಯಾವ ಜಾತಿಯ ಕಡತಕ್ಕೆ ಸೇರಿದ್ದು, ಆ ಜಾತಿಯನ್ನು ತೆರೆಯಲು ಯಾವ ಪ್ರೋಗ್ರಾಮನ್ನು ಕರೆಯಬೇಕು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಹೊಸ ಪ್ರೋಗ್ರಾಮು ಯಂತ್ರಕ್ಕೆ ಬಂದಾಗ ತನ್ನ ಹೆಸರನ್ನೂ ಅಲ್ಲಿ ಬರೆಸಿಕೊಳ್ಳುತ್ತದೆ. ಫೋನಿನಲ್ಲಿ ಒಂದೇ ಕೆಲಸಕ್ಕೆ ಇಬ್ಬರು ಮೂವರು ಹಕ್ಕುದಾರರಿದ್ದಾಗ "ಯಾವುದರಿಂದ ತೆರೆಯಲಿ?" ಎಂಬ ಪ್ರಶ್ನೆ ಏಳುವುದೂ ಇದರಿಂದಲೇ.

ಆಪಲ್ ಕಂಪನಿಯವರು 1984ರ ಮ್ಯಾಕಿಂಟಾಷ್‌ನಲ್ಲಿ ಬೇರೆ ದಾರಿ ಹಿಡಿದಿದ್ದರು. ಕಡತವು ಯಾವ ಬಗೆಯದು ಎಂಬುದಕ್ಕೆ ನಾಲ್ಕಕ್ಷರ, ಅದನ್ನು ಮಾಡಿದ ಪ್ರೋಗ್ರಾಮು ಯಾವುದು ಎಂಬುದಕ್ಕೆ ನಾಲ್ಕಕ್ಷರ; ಎರಡೂ ಹೆಸರಿನಲ್ಲಿ ಕಾಣದಂತೆ ಕಡತದ ಜೊತೆಗೇ ಇರುತ್ತಿದ್ದವು. ನಮಗೆ ಇದೇ ಹೆಚ್ಚು ಅಂದವಾದ ಏರ್ಪಾಡೆನಿಸುತ್ತದೆ. ಆದರೆ ಕಡತ ಬೇರೆ ಬಗೆಯ ಯಂತ್ರಕ್ಕೆ ಹೋದೊಡನೆ ಈ ಗುಪ್ತ ಗುರುತು ಕಳಚಿ ಬೀಳುತ್ತಿತ್ತು. ಕಡೆಗೆ ಮ್ಯಾಕೂ ಬಾಲಕ್ಕೇ ಶರಣಾಯಿತು.

ಇರಲಿ. ಬಾಲ ಬರಿಯ ಚೀಟಿ, ಸರಕಲ್ಲ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು "ಪಿಡಿಎಫ್ ಮಾತ್ರ ಕಳುಹಿಸಿ" ಎಂಬ ಸೂಚನೆ ನೋಡಿ, ಡಾಕ್ಸ್ ಅಳಿಸಿ ಪಿಡಿಎಫ್ ಎಂದು ಬರೆದು ಕಳುಹಿಸುವುದುಂಟು. ಒಳಗೆ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಆ ಕಡೆಯವರಿಗೆ ಅರ್ಜಿ ತೆರೆಯುವುದೇ ಇಲ್ಲ. ಪತ್ರವನ್ನು ತೆರೆದು, ಪಿಡಿಎಫ್ ಆಗಿ ಉಳಿಸಿಕೊಡು ಎಂದು ಪ್ರೋಗ್ರಾಮಿಗೆ ಹೇಳಿದರೆ ಮಾತ್ರ ಅದು ಪಿಡಿಎಫ್ ಆಗುತ್ತದೆ.

ನಿಜವಾದ ಗುರುತು ಸಾಮಾನ್ಯವಾಗಿ ಕಡತದ ಮೊದಲ ಕೆಲವು ಅಕ್ಷರಗಳಲ್ಲಿರುತ್ತದೆ. ಅಸಲು ಪಿಡಿಎಫ್ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಅಕ್ಷರಗಳಿಂದಲೇ ಮೊದಲಾಗುತ್ತದೆ. ಯೂನಿಕ್ಸ್ ವ್ಯವಸ್ಥೆಯಲ್ಲಿ ಹೀಗೆ ಒಳಗಿಣುಕಿ ಜಾತಿ ಹೇಳುವ "ಫೈಲ್" ಎಂಬ ಆಜ್ಞೆ 1973ರಷ್ಟು ಹಿಂದೆಯೇ ಇತ್ತು. ಜಿಪ್ ಕಟ್ಟುಗಳು ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ಲುಗಳಾದ ಪಿಕೆ ಎಂಬೆರಡು ಅಕ್ಷರಗಳಿಂದ ಆರಂಭವಾಗುತ್ತವೆ. ತಮಾಷೆಯೆಂದರೆ ಡಾಕ್ಸ್ ಕೂಡ ಒಳಗೆ ಜಿಪ್ ಕಟ್ಟೇ, ಆಂಡ್ರಾಯ್ಡ್ ಫೋನಿಗೆ ಹೊಸ ಆ್ಯಪ್ ಸೇರಿಸುವ ಎಪಿಕೆ ಕೂಡ ಜಿಪ್ ಕಟ್ಟೇ. ಬಾಗಿಲಲ್ಲಿ ಇಣುಕಿದರೆ ಸಾಲದು, ನಡುಮನೆಯನ್ನೂ ನೋಡಬೇಕು!

ಚೀಟಿಯನ್ನು ನಂಬುವ ಯಂತ್ರವನ್ನು ಕಳ್ಳರು ಸುಮ್ಮನೆ ಬಿಡುವರೇ? 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಹೆಸರಿನ ಕಡತವೊಂದು ಇಮೇಲಿನಲ್ಲಿ ಲೋಕವನ್ನೆಲ್ಲ ಸುತ್ತಿತು. ಅದಕ್ಕೆ ಎರಡು ಬಾಲ: ಮೊದಲು ಟಿಎಕ್ಸ್‌ಟಿ, ಕೊನೆಗೆ ವಿಬಿಎಸ್. ಗುರುತಿನ ಬಾಲಗಳನ್ನು ಮರೆಮಾಡುವುದು ವಿಂಡೋಸಿನ ಪದ್ಧತಿ. ಆದ್ದರಿಂದ ಜನರಿಗೆ ಕಂಡದ್ದು ನಿರುಪದ್ರವಿಯಾದ ಟಿಎಕ್ಸ್‌ಟಿ. ಯಂತ್ರ ನಡೆಸಿದ್ದು ವಿಬಿಎಸ್ ಎಂಬ ಪ್ರೋಗ್ರಾಮನ್ನು. ಲಕ್ಷಾಂತರ ಯಂತ್ರಗಳು ಕೆಟ್ಟವು. 2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ವಾಟ್ಸಾಪಿನಲ್ಲಿ ಬರುವ ಮದುವೆ ಕರೆಯೋಲೆಗಳ ಬಗೆಗೇ ಎಚ್ಚರಿಕೆ ಕೊಡಬೇಕಾಯಿತು. ಹೆಸರು ಕರೆಯೋಲೆಯದು, ಬಾಲ ಎಪಿಕೆ. ತೆರೆದು, ಕೇಳಿದ್ದಕ್ಕೆಲ್ಲ ಒಪ್ಪಿಗೆಯಿತ್ತರೆ ಫೋನೇ ಪರರ ಕೈಸೇರಬಹುದು, ಬ್ಯಾಂಕಿನ ಹಣದ ಸಮೇತ.

ಊರಿನ ಸುದ್ದಿಗಾಗಿ ಕಾಯುವ ನಮ್ಮ ಹಿರಿಯರು "ನಮ್ಮವರದೇ ಮದುವೆ ಇರಬೇಕು" ಎಂದು ಒತ್ತಿಬಿಡುವುದು ಸಹಜ. ಅವರಿಗೆ ಇಷ್ಟು ಹೇಳಿಕೊಟ್ಟರೆ ಸಾಕು: ಕರೆಯೋಲೆ ಚಿತ್ರವಾಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಇಲ್ಲವೆ ವಿಡಿಯೋ ಆಗಿರುತ್ತದೆ, ಎಪಿಕೆ ಆಗಿರಲು ಕಾರಣವೇ ಇಲ್ಲ. "ಅಪರಿಚಿತ ಆ್ಯಪ್ ಸೇರಿಸಲೇ?" ಎಂದು ಫೋನು ಕೇಳಿದರೆ ಬೇಡವೆನ್ನಿ. ಕಳುಹಿಸಿದ್ದು ಪರಿಚಯದವರ ನಂಬರಾದರೂ ಒಮ್ಮೆ ಮಾತನಾಡಿಸಿ ಕೇಳಿ. ಅವರ ಫೋನೇ ಕಳ್ಳರ ವಶವಾಗಿರಬಹುದು. ವಿಂಡೋಸ್ 11 ಇರುವವರು ಕಡತಗಳ ಕಿಟಕಿಯಲ್ಲಿ "ವ್ಯೂ", ಅದರಲ್ಲಿ "ಶೋ", ಅದರಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಎಂಬುದನ್ನು ಒತ್ತಿದರೆ ಅಡಗಿದ ಬಾಲಗಳು ಹೊರಬರುತ್ತವೆ.

ಕನ್ನಡದವರಿಗೆ ಮಾತ್ರ ಬಾಲ ಹೇಳದ ಇನ್ನೊಂದು ಸಂಗತಿಯುಂಟು. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದಿನ ಲೇಖನವನ್ನೋ ಸ್ಮರಣಸಂಚಿಕೆಯನ್ನೋ ತೆರೆಯಿರಿ. ಬಾಲವೂ ಸರಿ, ಪ್ರೋಗ್ರಾಮೂ ಸರಿ. ಕಾಣುವುದು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆಗ ಬರಹ, ನುಡಿ ಮುಂತಾದವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಅಕ್ಷರಶೈಲಿ ಯಂತ್ರದಲ್ಲಿಲ್ಲದಿದ್ದರೆ ಕನ್ನಡವೂ ಇಲ್ಲ. ಕನ್ನಡಕ್ಕೆ ತನ್ನದೇ ಮನೆಗಳು ಯೂನಿಕೋಡಿನಲ್ಲಿ 1991ರಿಂದಲೇ ಇದ್ದರೂ ನಮ್ಮ ಬಳಕೆಗೆ ಬಂದದ್ದು ತಡವಾಗಿ. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಈಗ ಸಿಗುತ್ತವೆ. ಅಂಥ ಕಡತಗಳನ್ನು ಇಟ್ಟುಕೊಂಡಿರುವವರು, ಯಾವುದರಲ್ಲಿ ಟೈಪು ಮಾಡಿದ್ದೆಂದು ನೆನಪಿರುವಾಗಲೇ ತಿರುಗಿಸಿಟ್ಟುಕೊಳ್ಳುವುದು ಲೇಸು.