ತಿಪಟೂರಿನ ನರಸಿಂಹರಾಜು: ಕಂಪನಿ ರಂಗದಲ್ಲಿ ಪಳಗಿದ ಹಾಸ್ಯ

ಕನ್ನಡಿಗರು ‘ಹಾಸ್ಯ ಚಕ್ರವರ್ತಿ’ ಎಂದು ಕರೆದ ನಟ ನರಸಿಂಹರಾಜು ಹುಟ್ಟಿದ್ದು 1923ರ ಜುಲೈ 24ರಂದು, ಕೊಬ್ಬರಿ ವ್ಯಾಪಾರಕ್ಕೆ ಹೆಸರಾದ ತಿಪಟೂರಿನಲ್ಲಿ. ತಂದೆ ರಾಮರಾಜು. 1954ರಿಂದ 1979ರವರೆಗಿನ ಕಾಲು ಶತಮಾನದಲ್ಲಿ ಅವರು ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಸಣಕಲು ಮೈ, ಉಬ್ಬು ಹಲ್ಲು ನೋಡಿಯೇ ಜನ ನಗುತ್ತಿದ್ದರು ಎಂದು ಹೇಳುವವರಿದ್ದಾರೆ. ಆದರೆ ಹಲ್ಲು ಎಷ್ಟು ಚಿತ್ರಗಳ ತನಕ ನಗಿಸೀತು? ಅವರ ನಗೆಯ ಬೇರು ಕಂಪನಿ ನಾಟಕದಲ್ಲಿದೆ.

ಬಾಲಕನನ್ನು ರಂಗಕ್ಕೆ ಹತ್ತಿಸಿದವರು ಅವರ ಚಿಕ್ಕಪ್ಪ. ಸುಮಾರು ನಾಲ್ಕನೆಯ ವಯಸ್ಸಿಗೇ ನರಸಿಂಹರಾಜು ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾ ಸೇರಿ, ಪ್ರಹ್ಲಾದ, ಲೋಹಿತಾಶ್ವ, ಕೃಷ್ಣನಂಥ ಬಾಲಪಾತ್ರಗಳನ್ನು ಮಾಡಿದರು. ಮುಂದೆ ಬೇರೆ ಬೇರೆ ಕಂಪನಿಗಳಲ್ಲಿ ದುಡಿದು ಗುಬ್ಬಿ ವೀರಣ್ಣನವರ ಕಂಪನಿಗೆ ಬಂದರು. ಗುಬ್ಬಿಯೂ ತಿಪಟೂರೂ ಒಂದೇ ಜಿಲ್ಲೆಯ, ಒಂದೇ ರೈಲು ದಾರಿಯ ಊರುಗಳು. ಆದರೆ ಕಂಪನಿಯ ನಟನಿಗೆ ಊರೆಂಬುದೇ ಇರಲಿಲ್ಲ. ಕ್ಯಾಂಪ್ ಬಿದ್ದಲ್ಲೇ ಸಂಸಾರ. ಅಲ್ಲಿ ಹಾಡು ಬರಬೇಕು, ಕಂದಪದ್ಯ ಬಾಯಲ್ಲಿರಬೇಕು. ಯಾರಾದರೂ ಮಲಗಿದರೆ ಆ ರಾತ್ರಿಯೇ ಅವರ ಪಾತ್ರ ಹೊತ್ತು ನಿಲ್ಲಬೇಕು. ಹಾಸ್ಯದ ಮಾತು ಒಂದು ಕ್ಷಣ ಮುಂಚೆ ಬಂದರೂ ನಗು ಬರದು, ತಡವಾದರೂ ಬರದು. ಎದುರಿಗೆ ಕೂತ ಜನ ಪ್ರತಿ ರಾತ್ರಿಯೂ ಇದನ್ನು ಕಲಿಸುತ್ತಿದ್ದರು.

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರವೂ ಅದೇ, ನರಸಿಂಹರಾಜು ತೆರೆ ಏರಿದ ಚಿತ್ರವೂ ಅದೇ. ಜಿ.ವಿ. ಅಯ್ಯರ್ ಅರ್ಚಕರಾದರೆ, ನರಸಿಂಹರಾಜು ಅವರ ಮಗ ಕಾಶಿ. ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು.

ಚಿತ್ರ ಗೆದ್ದರೂ ಬದುಕು ಸಲೀಸಾಗಲಿಲ್ಲ. ಆಗ ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದದ್ದು ಬೆರಳೆಣಿಕೆಯ ಚಿತ್ರಗಳು, ಅವೂ ಹೆಚ್ಚಾಗಿ ಮದರಾಸಿನ ಸ್ಟುಡಿಯೊಗಳಲ್ಲಿ. ಕೆಲಸವಿಲ್ಲದೆ ಕೈಕಟ್ಟಿ ಕೂರುವ ಬದಲು ರಾಜ್‌ಕುಮಾರ್, ಬಾಲಕೃಷ್ಣ, ಅಯ್ಯರ್ ಮತ್ತು ನರಸಿಂಹರಾಜು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ಮತ್ತೆ ನಾಟಕ ಆಡಿದರು. ಈ ಸಂಘವೇ ಮುಂದೆ ‘ರಣಧೀರ ಕಂಠೀರವ’ವನ್ನು ನಿರ್ಮಿಸಿತು, ಅದು 1960ರಲ್ಲಿ ಬಿಡುಗಡೆಯಾಯಿತು. ನಟರೇ ಕೈಯಿಂದ ದುಡ್ಡು ಹಾಕಿ ಉದ್ಯಮವನ್ನು ಎತ್ತಿ ನಿಲ್ಲಿಸಿದ ಈ ಅಧ್ಯಾಯಕ್ಕೆ ಚಿತ್ರರಂಗದ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕು.

ಮುಂದಿನ ದಶಕ ಅವರದೇ. ‘ವೀರಕೇಸರಿ’, ‘ಲಗ್ನಪತ್ರಿಕೆ’, ‘ಜೇಡರ ಬಲೆ’, ‘ಶ್ರೀಕೃಷ್ಣದೇವರಾಯ’: ಪುರಾಣ, ಇತಿಹಾಸ, ಸಂಸಾರ, ಪತ್ತೇದಾರಿ ಯಾವುದೇ ಇರಲಿ, ನರಸಿಂಹರಾಜು ಇರಬೇಕಿತ್ತು. ನಿರ್ಮಾಪಕರು ಮೊದಲು ಅವರ ಕಾಲ್‌ಶೀಟ್ ಪಡೆದು ಆಮೇಲೆ ನಾಯಕನ ಮನೆಗೆ ಹೋಗುತ್ತಿದ್ದರೆಂಬ ಮಾತು ಹಳಬರ ಬಾಯಲ್ಲಿದೆ.

ಈ ಎಲ್ಲದರ ನಡುವೆ ಒಂದು ಪಾತ್ರವನ್ನು ಬೇರೆಯಾಗಿ ನೋಡಬೇಕು. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) ಚಿತ್ರದ ನಕ್ಷತ್ರಿಕ. ವಿಶ್ವಾಮಿತ್ರನ ಸಾಲ ವಸೂಲಿಗೆ ರಾಜನ ಬೆನ್ನು ಹತ್ತಿದ ಶಿಷ್ಯ ಅವನು. ರಾಜ್ಯ ಕಳೆದುಕೊಂಡ ದೊರೆ, ರಾಣಿ, ಎಳೆಯ ಮಗ ಲೋಹಿತಾಶ್ವ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಇವನದೋ ಹೆಜ್ಜೆಗೊಂದು ಕಾಟ, ಮಾತಿಗೊಂದು ಚುಚ್ಚು. ಕಥೆಯ ದುಃಖ ಒಂದಿಷ್ಟೂ ಕರಗಬಾರದು, ಪ್ರೇಕ್ಷಕ ನಗುವುದನ್ನೂ ಬಿಡಬಾರದು. ಕೊಂಚ ಹೆಚ್ಚಾದರೆ ಪಾತ್ರ ಬರೀ ಕೋಡಂಗಿಯಾದೀತು, ಕಡಿಮೆಯಾದರೆ ಖಳನಾದೀತು. ನರಸಿಂಹರಾಜು ದನಿಯ ಏರಿಳಿತದಲ್ಲೇ ಈ ಹದವನ್ನು ಹಿಡಿದರು. ಎಳವೆಯಲ್ಲಿ ರಂಗದ ಮೇಲೆ ಲೋಹಿತಾಶ್ವನಾಗಿ ಈ ಕಾಟ ಅನುಭವಿಸಿದ್ದ ನಟನಿಗೆ ಆ ದೃಶ್ಯದ ಎರಡೂ ಬದಿ ಗೊತ್ತಿತ್ತು.

ಎಪ್ಪತ್ತರ ದಶಕದಲ್ಲಿ ಕಥೆಗಳ ಧಾಟಿ ಬದಲಾಯಿತು, ದ್ವಾರಕೀಶರಂಥ ಹೊಸ ಹಾಸ್ಯನಟರು ಮುಂದೆ ಬಂದರು. 1974ರಲ್ಲಿ ನರಸಿಂಹರಾಜು ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತಾವೇ ನಿರ್ಮಿಸಿ, ಶೀರ್ಷಿಕೆಯ ಪಾತ್ರವನ್ನೂ ಮಾಡಿದರು. ನಿರ್ದೇಶನ ಎ.ವಿ. ಶೇಷಗಿರಿರಾವ್, ಸಂಗೀತ ರಾಜನ್-ನಾಗೇಂದ್ರ. ಹಾಸ್ಯನಟನೊಬ್ಬ ಇಡೀ ಚಿತ್ರವನ್ನು ತನ್ನ ಹೆಗಲ ಮೇಲೆ ಹೊರಬಲ್ಲ ಎಂಬ ನಂಬಿಕೆ ಇಟ್ಟು ಮಾಡಿದ ಚಿತ್ರ ಅದು.

1979ರ ಜುಲೈನಲ್ಲಿ ಅವರು ತೀರಿಕೊಂಡರು. ಮನೆಮನೆಗೆ ಟೀವಿ ಬಂದದ್ದು ಆಮೇಲೆ. ಎಂಬತ್ತರ ದಶಕದಲ್ಲಿ ದೂರದರ್ಶನ ಹಳೆಯ ಕನ್ನಡ ಚಿತ್ರಗಳನ್ನು ತೋರಿಸತೊಡಗಿದಾಗ, ಟೆಂಟ್ ಸಿನಿಮಾದಲ್ಲಿ ಅವರನ್ನು ನೋಡದ ಪೀಳಿಗೆಗೂ ಅವರು ಪರಿಚಯವಾದರು. ಮಗಳು ಸುಧಾ ನರಸಿಂಹರಾಜು ಸಿನಿಮಾ ಹಾಗೂ ಕಿರುತೆರೆಯ ಧಾರಾವಾಹಿಗಳಲ್ಲಿ ನಟಿಯಾಗಿ ಹೆಸರು ಮಾಡಿದ್ದಾರೆ.